ವೈನಿ ಕಸೂತಿ ಕೆಲಸಕ್ಕ ಒಂದ ವೆಬ್ ಪೇಜ್ ಮಾಡ್ಬೇಕಾಗೇತಿ, ಯಾವ ವೆಬ್‌ಸೈಟ್ ಬಿಲ್ಡರ್ ಚಲೋ ಹೇಳ್ರಿ

ಮಾಳಮಡ್ಡಿ ಮೈದುನ
ನಮಸ್ಕಾರ್ರೀ ಎಲ್ಲಾರಿಗೂ. ನಮ್ಮ ವೈನಿ ಮನ್ಯಾಗ ಕಸೂತಿ ಕೆಲಸ ಮಾಡ್ತಾರ, ಜೋಡಿ ಓಣ್ಯಾಗಿನ ಐದಾರು ಮಂದಿ ಹೆಣ್ಮಕ್ಕಳು ಅದಾರ. ಸೀರಿ ಸೆರಗು, ಜಂಪರ್ ತೋಳು, ದುಪಟ್ಟಾ, ಇತ್ತಿತ್ಲಾಗ ಕುರ್ತಾದ ಕೊರಳಪಟ್ಟಿನೂ ಕೇಳಾಕತ್ತಾರ. ಇಷ್ಟ ದಿನ ಇನ್‌ಸ್ಟಾಗ್ರಾಮ್ ಮತ್ತ ವಾಟ್ಸಾಪ್ ಸ್ಟೇಟಸ್ ಮ್ಯಾಲ ನಡದಿತ್ತು. ತ್ರಾಸ ಏನಂದ್ರ ದಿನಾ ಅದ ಮೂರು ಪ್ರಶ್ನಿ, ರೇಟ್ ಎಷ್ಟು, ಎಷ್ಟ ದಿನ ಹಿಡಿತೈತಿ, ಬೆಂಗಳೂರಿಗೆ ಕಳಸ್ತೀರೇನು. ವೈನಿ ಸೂಜಿ ಕೆಳಗಿಟ್ಟು ಫೋನ್ ಎತ್ತಬೇಕು, ಅಷ್ಟರಾಗ ಎಣಿಸಿದ್ದ ಎಳಿ ಲೆಕ್ಕ ತಪ್ಪತೈತಿ, ಮತ್ತ ಬಿಚ್ಚಿ ಮೊದಲಿಂದ.

ಅದಕ್ಕ ಎಲ್ಲಾ ಮಾಹಿತಿ ಇರೋ ಒಂದ ಪೇಜ್ ಸಾಕು ಅಂತ ನನ್ನ ವಿಚಾರ. ಹುಬ್ಬಳ್ಳ್ಯಾಗ ಒಬ್ಬಾಂವನ್ನ ಕೇಳಿದ್ರ 25 ಸಾವಿರ ಅಂದ, ಮತ್ತ ವರ್ಷಾ ವರ್ಷಾ 8 ಸಾವಿರ ಬ್ಯಾರೆ. ನಾ ಬಿಕಾಂ ಮಾಡೇನ್ರಿ, ಕೋಡಿಂಗ್ ಗೀಡಿಂಗ್ ಬರಂಗಿಲ್ಲ, ಒಂದ್ ಸಲ ಮನ್ಯಾಗಿನ ಪ್ರಿಂಟರ್ ರಿಪೇರಿ ಮಾಡಿದ್ದಕ್ಕ ಇವಂಗ ಎಲ್ಲಾ ಬರ್ತೈತಿ ಅಂತ ತಿಳ್ಕೊಂಡಾರ. ಕೋಡಿಂಗ್ ಇಲ್ಲದ ಪೇಜ್ ಕಟ್ಟೋ ಬಿಲ್ಡರ್ ಯಾವ್ದು ಅಂತ ಯೂಟ್ಯೂಬ್ ನೋಡಿದ್ರ ವಿಕ್ಸ್, ಕಾರ್ಡ್, ಎಲಿಮೆಂಟರ್, ಶಾಪಿಫೈ, ಅನ್‌ಬೌನ್ಸ್ ಅಂತ ಹೇಳಿ ತಲಿ ಗಿರ್ ಅನಿಸಿಬಿಟ್ರು. ಬಜೆಟ್ ವರ್ಷಕ್ಕ ಮೂರ-ನಾಕ ಸಾವಿರ. ಕನ್ನಡ ಇಂಗ್ಲಿಷ್ ಎರಡೂ ಬೇಕು. ಯಾರರ ಸ್ವಂತ ಮಾಡಿದವ್ರು ಇದ್ರ ಹೇಳ್ರಿ.

ಗೋಕುಲ್ ರೋಡ್ ಗಣಪ
ಕಣ್ಣ್ ಮುಚ್ಚಿ ಸೈಟ್ ಮಾಡೋ ವರ್ಡ್‌ಪ್ರೆಸ್ ಸಾಫ್ಟ್‌ವೇರ್ ಹಾಕ್ರಿ, ಅದರಾಗ ಪೇಜ್ ಕಟ್ಟಾಕ ಎಲಿಮೆಂಟರ್ ಫ್ರೀ ವರ್ಶನ್ ಸಾಕು. ಜಗತ್ತಿನ ವೆಬ್‌ಸೈಟ್‌ನ್ಯಾಗ ನೂರಕ್ಕ ನಲವತ್ತಕ್ಕಿಂತ ಹೆಚ್ಚು ಅದರ ಮ್ಯಾಲ ಅದಾವ, ಅಷ್ಟ ಮಂದಿ ಹುಚ್ಚರೇನು?

ನವನಗರ ನೈಟ್‌ಶಿಫ್ಟ್
ಗಣಪಣ್ಣ, ಹುಚ್ಚರಲ್ಲ ಖರೆ, ಆದ್ರ ಅವರಿಗೆ ಅಪ್ಡೇಟ್ ಮಾಡಾಕ ಒಬ್ಬ ಮನಷಾ ಇರ್ತಾನ. ನಾ ಹೊಟ್ಟಿಪಾಡಿಗೆ ಇದನ್ನ ಮಾಡಾಂವ, ಅದಕ್ಕ ಹೇಳಾಕತ್ತೇನಿ. ವರ್ಡ್‌ಪ್ರೆಸ್ ಅಂದ್ರ ಹೋಸ್ಟಿಂಗ್ (ಸೈಟ್ ಇಡೋ ಬಾಡಿಗಿ ಜಾಗ) ನೀವ ತಗೋಬೇಕು, ಥೀಮ್ ಅಪ್ಡೇಟ್, ಪ್ಲಗಿನ್ (ಮ್ಯಾಲೆ ಜೋಡಸೋ ಸಣ್ಣ ಸಾಫ್ಟ್‌ವೇರ್) ಅಪ್ಡೇಟ್, ಬ್ಯಾಕಪ್, ಎಲ್ಲಾ ನಿಮ್ಮ ಕೊಳ್ಳಿಗೆ. ನಮ್ಮ ಅತ್ತಿ ಮಗ ಟ್ಯೂಷನ್ ಕ್ಲಾಸಿಗೆ ಹಿಂಗ ಮಾಡ್ಸಿದ್ದ, ಎರಡ ವರ್ಷ ಯಾರೂ ಕೈ ಹಚ್ಚಲಿಲ್ಲ, ಒಂದಿನ ಪಾಲಕರು ಫೋನ್ ಮಾಡಿ ಏನ್ರೀ ಸರ್ ನಿಮ್ಮ ಲಿಂಕ್ ಒತ್ತಿದ್ರ ಜೂಜಾಟದ ಪೇಜ್ ತಗೀತೈತಿ ಅಂದ್ರು. ಹಳೇ ಪ್ಲಗಿನ್ ತೂತಿನ್ಯಾಗ ಯಾರೋ ಒಳಗ ಹೊಕ್ಕಿದ್ರು. ಅಂವಾ ಪಾಪ ಆ ವರ್ಷ ಅಡ್ಮಿಷನ್ ಟೈಮಿಗೆ ಮಾರಿ ತೋರಸದಂಗ ಆದ.

ಮೈದುನ ಅವರ, ನಿಮಗ ಬೇಕಾಗಿದ್ದು ಒಂದ ಪೇಜ್. ಬ್ಲಾಗ್ ಬ್ಯಾಡ, ಕಾರ್ಟ್ ಬ್ಯಾಡ, ಲಾಗಿನ್ ಬ್ಯಾಡ. ಅದಕ್ಕ ಕಾರ್ಡ್ ಸಾಕು. ಅದು ಹುಟ್ಟಿದ್ದ ಒಂದ ಪೇಜ್ ಮಾಡಾಕ. ಪುಕ್ಕಟೆ ಖಾತೆನ್ಯಾಗ ಮೂರು ಪೇಜ್ ತನಕ ಮಾಡ್ಬಹುದು, ಆದ್ರ ವಿಳಾಸದ ಹಿಂದ ಅವರ ಹೆಸರು ಇರ್ತೈತಿ. ಸ್ವಂತ ಡೊಮೇನ್, ಅಂದ್ರ ನಿಮ್ಮದ ಹೆಸರಿನ ವಿಳಾಸ, ಜೋಡಸಬೇಕಂದ್ರ ವರ್ಷಕ್ಕ 19 ಡಾಲರ್ ಪ್ಲ್ಯಾನ್ ತಗೋಬೇಕು, ನಮ್ಮ ರೊಕ್ಕದಾಗ ಸಾವಿರದ ಏಳನೂರರ ಆಸುಪಾಸು. ತಿಂಗಳಿಗಲ್ಲ ಮತ್ತ, ವರ್ಷಕ್ಕ.

ದುರ್ಗದಬೈಲ್ ರಾತ್ರಿ
ಕಾರ್ಡ್ ಅಂದ್ರ ಎಟಿಎಂ ಕಾರ್ಡಾ? 😄

ನವನಗರ ನೈಟ್‌ಶಿಫ್ಟ್
ಹೆಸರ ಹಂಗ ಐತ್ರೀ, ಇಂಗ್ಲಿಷ್‌ನ್ಯಾಗ ಆರ್ ಎರಡು ಬರ್ತಾವ.

ಹಾವೇರಿ ಏಲಕ್ಕಿ
ವಾಟ್ಸಾಪ್ ಬಿಸಿನೆಸ್ ಆ್ಯಪ್‌ನ್ಯಾಗ ಕ್ಯಾಟಲಾಗ್ ಪುಕ್ಕಟೆ ಐತಿ, 500 ಐಟಂ ತನಕ ಹಾಕಬಹುದು, ಫೋಟೋ ರೇಟ್ ಎಲ್ಲಾ. ನಾವು ಏಲಕ್ಕಿ ಹಾರ ಮಾರೋದು ಬರೇ ಅದರ ಮ್ಯಾಲ. ಪೇಜ್ ಯಾಕ ಬೇಕು? ಫೇಸ್‌ಬುಕ್ ಜಾಹೀರಾತು ಕೊಟ್ರೂ ಒತ್ತಿದ ಕೂಡ್ಲೆ ಸೀದಾ ವಾಟ್ಸಾಪ್ ತಗಿಯೋ ಹಂಗ ಮಾಡ್ಬಹುದು. ಸುಮ್ನ ರೊಕ್ಕ ಕಳಕೊಬ್ಯಾಡ್ರಿ.

ಮಾಳಮಡ್ಡಿ ಮೈದುನ
ಅಕ್ಕಾರ, ಅದನ್ನ ನೋಡೇವ್ರಿ. ಆದ್ರ ಸೀದಾ ವಾಟ್ಸಾಪಿಗೆ ಬಂದವರು ಮತ್ತ ಅದ ಮೂರು ಪ್ರಶ್ನಿ ಕೇಳ್ತಾರಲ್ರೀ. ಓದಿ ಬರ್ಲಿ ಅಂತ ಪೇಜ್.

ಹಾವೇರಿ ಏಲಕ್ಕಿ
ಪೇಜ್ ಇದ್ರೂ ಓದಂಗಿಲ್ಲ ತಮ್ಮಾ, ನೀ ಇನ್ನಾ ಸಣ್ಣಾಂವ ಇದ್ದಿ.

ಸಿಲ್ಕ್‌ಬೋರ್ಡ್ ಸಂತ್ರಸ್ತ
ನಾನು ಧಾರವಾಡದವನೇ, ಬೆಂಗಳೂರಲ್ಲಿ ಮಾರ್ಕೆಟಿಂಗ್ ಕೆಲಸ. ಎಲ್ಲರೂ ಟೂಲ್ ಬಗ್ಗೆನೇ ಮಾತಾಡ್ತಿದೀರ, ಕನ್ವರ್ಶನ್, ಅಂದ್ರೆ ಬಂದೋರಲ್ಲಿ ಎಷ್ಟು ಜನ ಆರ್ಡರ್ ಕೊಡ್ತಾರೆ ಅನ್ನೋದ್ರ ಬಗ್ಗೆ ಯಾರೂ ಮಾತಾಡ್ತಿಲ್ಲ. ಅನ್‌ಬೌನ್ಸ್, ಲೀಡ್‌ಪೇಜಸ್, ಇನ್‌ಸ್ಟಾಪೇಜ್ ಇವೆಲ್ಲ ಇರೋದೇ ಲ್ಯಾಂಡಿಂಗ್ ಪೇಜ್‌ಗೆ ಅಂತ, ಅಂದ್ರೆ ಜಾಹೀರಾತು ಒತ್ತಿದೋರು ಬಂದಿಳಿಯೋ ಪೇಜ್‌ಗೆ. ಎ-ಬಿ ಟೆಸ್ಟ್ ಮಾಡ್ಬೋದು, ಒಂದು ಹೆಡ್ಡಿಂಗ್ ಅರ್ಧ ಜನಕ್ಕೆ, ಇನ್ನೊಂದು ಉಳಿದ ಅರ್ಧಕ್ಕೆ, ಯಾವುದರಲ್ಲಿ ಆರ್ಡರ್ ಜಾಸ್ತಿ ಬರುತ್ತೋ ಅದನ್ನ ಇಟ್ಕೊಳ್ಳೋದು. ಫ್ರೀ ಟ್ರಯಲ್ ಇರುತ್ತೆ, ಒಂದ್ಸಲ ನೋಡಿ.

ನವನಗರ ನೈಟ್‌ಶಿಫ್ಟ್
ಸಾಹೇಬ್ರ, ಅವರ ಪೇಜಿಗೆ ವಾರಕ್ಕ ನಲವತ್ತು ಮಂದಿ ಬಂದ್ರ ದೊಡ್ಡದು. ಇಪ್ಪತ್ತು ಮಂದಿ ಈ ಕಡೆ ಇಪ್ಪತ್ತು ಆ ಕಡೆ, ಇಲ್ಲಿ ಒಂದ ಆರ್ಡರ್ ಅಲ್ಲಿ ಎರಡ ಆರ್ಡರ್, ಅದನ್ನ ನೋಡಿ ಏನ್ ತೀರ್ಮಾನ ಮಾಡೂದು? ಅದು ಗಾಳಿ ಬೀಸಿದ್ದಕ್ಕೂ ಆಗ್ತೈತಿ. ಜಾಹೀರಾತಿಗೆ ದಿನಾ ಸಾವಿರಾರು ರೂಪಾಯಿ ಸುರಿಯೋ ಏಜೆನ್ಸಿಗೆ ಮಾಡಿದ ಟೂಲ್ ಅವು, ಅವುಗಳ ತಿಂಗಳ ಬಾಡಿಗಿನ್ಯಾಗ ವೈನಿ ವರ್ಷದ ದಾರ ಬರ್ತೈತಿ.

ಸಿಲ್ಕ್‌ಬೋರ್ಡ್ ಸಂತ್ರಸ್ತ
ಸರಿ ಒಪ್ಕೋತೀನಿ, ಟ್ರಾಫಿಕ್ ಕಮ್ಮಿ ಇದ್ರೆ ಟೆಸ್ಟ್ ವೇಸ್ಟು. ಆದ್ರೆ ಒಂದು ಪೇಜಲ್ಲಿ ಒಂದೇ ಬಟನ್ ಇರ್ಬೇಕು ಅನ್ನೋದನ್ನ ಮಾತ್ರ ಮರೀಬೇಡಿ. ಇನ್‌ಸ್ಟಾ ಫಾಲೋ ಮಾಡಿ, ಯೂಟ್ಯೂಬ್ ನೋಡಿ, ಫಾರ್ಮ್ ತುಂಬಿ ಅಂತ ನಾಲ್ಕು ಬಟನ್ ಇಟ್ರೆ ಬಂದೋರು ಒಂದನ್ನೂ ಒತ್ತಲ್ಲ.

ದುರ್ಗದಬೈಲ್ ರಾತ್ರಿ
ಧಾರವಾಡದವರಂತ, ಮಾತು ನೋಡಿದ್ರ ಮೆಜೆಸ್ಟಿಕ್ ದಾಟಿ ಭಾಳ ದಿನ ಆಗೇತಿ

ಸಿಲ್ಕ್‌ಬೋರ್ಡ್ ಸಂತ್ರಸ್ತ
ಹನ್ನೊಂದು ವರ್ಷ ಆತ್ರೀ. ಅವ್ವನ ಜೋಡಿ ಫೋನ್‌ನ್ಯಾಗಷ್ಟ ಉಳದೈತಿ.

ಬೆಟಗೇರಿ ಮಗ್ಗ
ಯಾವ ಬಿಲ್ಡರ್ ಆದ್ರೂ ಹಾಕ್ರಿ, ಡೊಮೇನ್ ಮಾತ್ರ ನಿಮ್ಮ ಇಮೇಲ್, ನಿಮ್ಮ ಫೋನ್ ನಂಬರ್, ನಿಮ್ಮ ಹೆಸರಿನ್ಯಾಗ ತಗೋರಿ. ನಮ್ಮದ ಕತಿ ಕೇಳ್ರಿ. ಮನ್ಯಾಗ ಕೈಮಗ್ಗ, ಮೂರ ವರ್ಷದ ಹಿಂದ ಪರಿಚಯದ ಹುಡುಗಗ ಸೈಟ್ ಮಾಡು ಅಂತ ರೊಕ್ಕ ಕೊಟ್ವಿ. ಚಂದ ಮಾಡಿದ, ಸುಳ್ಳ ಹೇಳಂಗಿಲ್ಲ. ಡೊಮೇನ್ ಅವನ ಖಾತೆನ್ಯಾಗ ಇತ್ತು, ನಮಗೇನ ಗೊತ್ತು ಅದು ಬ್ಯಾರೆ ಇದು ಬ್ಯಾರೆ ಅಂತ. ಮುಂದ ಅಂವಗ ಪುಣೆನ್ಯಾಗ ನೌಕರಿ ಆತು, ನಂಬರ್ ಬದಲಾತು. ರಿನ್ಯೂ ಮಾಡ್ರಿ ಅಂತ ಬಂದ ಮೇಲ್ ಎಲ್ಲಾ ಅವನಿಗೇ ಹೋದ್ವು, ಅಂವ ನೋಡಲಿಲ್ಲೋ ನೋಡಿ ಬಿಟ್ನೋ. ಅವಧಿ ಮುಗೀತು, ಯಾರೋ ತಗೊಂಡ್ರು, ಈಗ ಅಲ್ಲಿ ಮಾರಾಟಕ್ಕಿದೆ ಅಂತ ಬೋರ್ಡ್ ಐತಿ.

ಅಪ್ಪಾಜಿ ಅದ ವಿಳಾಸ ಹಾಕಿ ಸಾವಿರ ವಿಸಿಟಿಂಗ್ ಕಾರ್ಡ್ ಪ್ರಿಂಟ್ ಹಾಕ್ಸಿದ್ರು. ಒಗಿಯಾಕ ಮನಸ್ಸಿಲ್ಲ. ಈಗ ಅದರ ಹಿಂದ ನೂಲಿನ ಲೆಕ್ಕ ಬರಿತಾರ.

ಮಾಳಮಡ್ಡಿ ಮೈದುನ
ಅಯ್ಯ ದೇವ್ರ. ಆ 25 ಸಾವಿರದಾಂವ ಡೊಮೇನ್ ನಾನ ನೋಡ್ಕೋತೀನಿ ನೀವ್ ತಲಿ ಕೆಡಿಸ್ಕೋಬ್ಯಾಡ್ರಿ ಅಂದಿದ್ದ.

ಬೆಟಗೇರಿ ಮಗ್ಗ
ತಲಿ ಕೆಡಿಸ್ಕೋರಿ.

ಲೈನ್ ಬಜಾರ್ ಲೆಕ್ಕ
ಡಾಟ್ ಇನ್ ತಗೋರಿ. ಮೊದಲನೇ ವರ್ಷದ ರೇಟ್ ನೋಡಿ ಮಳ್ಳ ಆಗಬ್ಯಾಡ್ರಿ, ಎರಡನೇ ವರ್ಷದ ರಿನ್ಯೂವಲ್ ರೇಟ್ ನೋಡ್ರಿ, ಅಸಲಿ ಆಟ ಅಲ್ಲೇ ಇರೂದು. ಮತ್ತ ಬಿಲ್ಡರ್ ಕಡೆನ ಡೊಮೇನ್ ತಗೋಬ್ಯಾಡ್ರಿ, ಬ್ಯಾರೆ ಕಡೆ ತಗೊಂಡು ಜೋಡಸ್ರಿ. ನಾಳೆ ಬಿಲ್ಡರ್ ಬದಲ್ ಮಾಡ್ಬೇಕಂದ್ರ ಬರೇ ದಿಕ್ಕ ತಿರುಗಿಸಿದ್ರಾತು, ಗಿರಾಕಿಗೆ ವಿಳಾಸ ಹಳೇದ ಇರ್ತೈತಿ.

ಸಾಧನಕೇರಿ ಸೋಮಾರಿ
ಕನ್ನಡದಾಗೇ ಡೊಮೇನ್ ಸಿಗ್ತದ ಗೊತ್ತದ ಏನು? ಡಾಟ್ ಭಾರತ, ಕನ್ನಡ ಅಕ್ಷರದಾಗ. ಆದ್ರ ಯಾರೂ ಟೈಪ್ ಮಾಡಂಗಿಲ್ಲ, ಫೋನಿನ್ಯಾಗ ಹೇಳ್ಲಿಕ್ಕೂ ತ್ರಾಸ. ಶೋಕಿಗೆ ಒಂದು ತಗೊಂಡು ಡಾಟ್ ಇನ್‌ಗೆ ತಿರುಗಿಸಿ ಬಿಡ್ರಿ.

ಅಳ್ನಾವರ ಅನುಮಾನ
ಗೂಗಲ್ ಮ್ಯಾಪ್‌ನ್ಯಾಗ ಅಂಗಡಿ ಹಾಕಿದ್ರ ಗೂಗಲ್‌ನವರ ಪುಕ್ಕಟೆ ವೆಬ್‌ಸೈಟ್ ಮಾಡಿ ಕೊಡ್ತಾರಲಾ, ಅದ ಸಾಕಲ್ಲ?

ನವನಗರ ನೈಟ್‌ಶಿಫ್ಟ್
ಬಂದ್ ಆಗೇತ್ರಿ ಅದು, 2024ರ ಮಾರ್ಚ್‌ನ್ಯಾಗ ಬಂದ್ ಮಾಡಿದ್ರು. ಜೂನ್ 10ರ ತನಕ ಹಳೇ ಲಿಂಕ್ ಒತ್ತಿದ್ರ ಮ್ಯಾಪಿನ ಪ್ರೊಫೈಲ್‌ಗೆ ಹೋಗ್ತಿತ್ತು, ಆಮ್ಯಾಲ ಅದೂ ಇಲ್ಲ. ಮ್ಯಾಪಿನ ಪ್ರೊಫೈಲ್ ಮಾತ್ರ ಐತಿ, ಅದನ್ನ ಮಾಡಾಕ ಬೇಕು, ಅದು ಪುಕ್ಕಟೆನೂ ಹೌದು. ಪೇಜಿಗೆ ಒಂದ ರೂಪಾಯಿನೂ ಬ್ಯಾಡ ಅನ್ನೋರು ಗೂಗಲ್ ಸೈಟ್ಸ್ ನೋಡ್ರಿ, ಸ್ವಂತ ಡೊಮೇನೂ ಜೋಡಸಬಹುದು. ಆದ್ರ ನೋಡಾಕ ಸಾಲಿ ಪ್ರಾಜೆಕ್ಟ್ ಇದ್ದಂಗ ಇರ್ತೈತಿ, ಫೇಸ್‌ಬುಕ್ ಪಿಕ್ಸೆಲ್ (ಜಾಹೀರಾತು ನೋಡಿ ಬಂದವರನ್ನ ಎಣಸೋ ಕೋಡ್) ಸರಿಯಾಗಿ ಕೂಡಂಗಿಲ್ಲ. ವಿಕ್ಸ್ ಪುಕ್ಕಟೆ ಪ್ಲ್ಯಾನ್‌ನ್ಯಾಗ ಮ್ಯಾಲೆ ಅವರ ಜಾಹೀರಾತು ಪಟ್ಟಿ ಇರ್ತೈತಿ. ಶಾಪಿಫೈ ಬಿಡ್ರಿ, ಅದು ಸ್ಟಾಕ್ ಇಟ್ಟು ಮಾರೋರಿಗೆ, ವೈನಿದು ಆರ್ಡರ್ ಬಂದ ಮ್ಯಾಲ ಹೊಲಿಯೋ ಕೆಲಸ.

ಉಣಕಲ್ ಕಟ್ಟಿ
ಹೊರದೇಶದ ಬಿಲ್ಡರ್‌ಗೆ ರೊಕ್ಕ ಕಟ್ಟೋದ ದೊಡ್ಡ ಕೆಲಸ ಮತ್ತ, ಅದನ್ನ ಯಾರೂ ಹೇಳವಲ್ರಿ. ರುಪೇ ಕಾರ್ಡ್ ಭಾಳ ಕಡೆ ತಗೊಳ್ಳಂಗಿಲ್ಲ. ವೀಸಾ ಇದ್ರೂ ಆರ್‌ಬಿಐ ನಿಯಮದ ಪ್ರಕಾರ 2020ರಿಂದ ಹೊಸ ಕಾರ್ಡಿನ್ಯಾಗ ಹೊರದೇಶದ ವ್ಯವಹಾರ ಬಂದ್ ಇಟ್ಟ ಕೊಡ್ತಾರ, ಬ್ಯಾಂಕ್ ಆ್ಯಪ್‌ನ್ಯಾಗ ಹೋಗಿ ಆನ್ ಮಾಡ್ಬೇಕು, ರೊಕ್ಕ ಕಟ್ಟಿ ಮತ್ತ ಬಂದ್ ಮಾಡ್ರಿ. ಮುಂದಿನ ವರ್ಷ ತಾನ ಕಟ್ ಆಗ್ತೈತಿ ಅಂತ ಕುಂತ್ರ ಆಗಂಗಿಲ್ಲ, ಪೇಜ್ ಹೋಗಿರ್ತೈತಿ. ನಾ ಮೂರ ಸಲ ಫೇಲ್ ಆಗಿ ಕಡೀಕ ಭಾವನ ಕ್ರೆಡಿಟ್ ಕಾರ್ಡ್ ಹಚ್ಚಿದೆ, ಅವರು ಈಗೂ ಮದವಿ ಮುಂಜಿವ್ಯಾಗ ಸಿಕ್ರ ಅದನ್ನ ಎತ್ತತಾರ.

ಲೈನ್ ಬಜಾರ್ ಲೆಕ್ಕ
ಗಿರಾಕಿ ಕಡಿಂದ ರೊಕ್ಕ ಹೆಂಗ ತಗೋತೀರಿ ಅದನ್ನೂ ಹೇಳ್ರಿ. ರೇಜರ್‌ಪೇ ಬಟನ್ ಹಾಕಿದ್ರ 2 ಪರ್ಸೆಂಟ್, ಅದರ ಮ್ಯಾಲ 18 ಪರ್ಸೆಂಟ್ ಜಿಎಸ್‌ಟಿ. 6,000ದ ಸೀರಿ ಆರ್ಡರಿಗೆ 141 ರೂಪಾಯಿ 60 ಪೈಸಾ ಹೋತು. ಯುಪಿಐ ಸೀದಾ ತಗೊಂಡ್ರ ಏನೂ ಹೋಗಂಗಿಲ್ಲ.

ಮಾಳಮಡ್ಡಿ ಮೈದುನ
ಅರ್ಧಾ ಅಡ್ವಾನ್ಸ್ ಯುಪಿಐ ಅಂತ ಮಾಡೇವ್ರಿ. ಪೇಜ್ ಮ್ಯಾಲ ಕ್ಯೂಆರ್ ಫೋಟೋ ಹಾಕ್ತೀನಿ.

ದುರ್ಗದಬೈಲ್ ರಾತ್ರಿ
ಫೋನಿನ್ಯಾಗ ಪೇಜ್ ನೋಡಾಕತ್ತಾಂವ ಅದ ಫೋನಿನ ಕ್ಯಾಮೆರಾದಾಗ ಅದ ಫೋನಿನ ಸ್ಕ್ರೀನ್ ಹೆಂಗ ಸ್ಕ್ಯಾನ್ ಮಾಡ್ಬೇಕು? ಕನ್ನಡಿ ಮುಂದ ನಿಂತ್ರಾ?

ಮಾಳಮಡ್ಡಿ ಮೈದುನ
😂😂 ಖರೆ ಬಿಡ್ರಿ. ಮಾತುಕತಿ ಪಕ್ಕಾ ಆದ್ಮ್ಯಾಲ ವಾಟ್ಸಾಪ್‌ನ್ಯಾಗ ಯುಪಿಐ ಐಡಿ ಕಳಸೋದು.

ತೋಳನಕೆರೆ ತಾರಾ
ನಾ ಗಿರಾಕಿ ಕಡೆಯಿಂದ ಒಂದ ಮಾತ ಹೇಳ್ತೀನಿ, ಗಂಡಸರೆಲ್ಲಾ ಸೇರಿ ಯಾವ ಬಿಲ್ಡರ್ ಯಾವ ಬಿಲ್ಡರ್ ಅಂತ ಜಗಳಾಡಾಕತ್ತೀರಿ, ಪೇಜಿನ್ಯಾಗ ಏನ ಇರಬೇಕು ಅಂತ ಯಾರರ ಕೇಳಿದ್ರ್ಯಾ?

ಹ್ವಾದ ವರ್ಷ ತಂಗಿ ಸೀಮಂತಕ್ಕ ಕಪ್ಪ ಚಂದ್ರಕಾಳಿ ಸೀರಿ ಬೇಕಂತ ಇನ್‌ಸ್ಟಾದಾಗ ಒಂದ ಕಡೆ ಆರ್ಡರ್ ಕೊಟ್ಟೆ. ಕೈಕಸೂತಿ ಅಂತ ಬರದಿದ್ರು, ಫೋಟೋದಾಗ ಗೋಪುರ, ತೇರು, ತುಳಸಿಕಟ್ಟಿ ಎಲ್ಲಾ ಚಂದನ ಕಾಣಸ್ತಿದ್ವು. ಮನಿಗೆ ಬಂದ ಮ್ಯಾಲ ಸೆರಗು ಹೊಳ್ಳಿಸಿ ನೋಡಿದ್ರ ಹಿಂದ ಬಿಳಿ ಕಾಗದದಂತಾದ್ದು ಅಂಟಿಸ್ಯಾರ, ದಾರ ಎಲ್ಲಾ ಗಂಟು ಗಂಟು. ಮಷಿನ್ ಕೆಲಸ. ನಮ್ಮಜ್ಜಿ ಬರೇ ಬೆರಳಾಡಿಸಿ ಹೇಳಿದ್ರು, ಇದು ಕಸೂತಿ ಅಲ್ಲ ಬಿಡವಾ ಅಂತ.

ಕೈಯಾಗಿನ ಗವಂತಿ, ಮುರ್ಗಿ ಹೊಲಿಗಿ ಇದ್ರ ಹಿಂದ ಮುಂದ ಎರಡೂ ಬದಿ ಒಂದ ನಮೂನಿ ಕಾಣ್ತೈತಿ, ಗಂಟ ಹಾಕಂಗಿಲ್ಲ. ವೈನಿಗೆ ಹೇಳ್ರಿ, ಮೊದಲನೇ ಫೋಟೋ ಸೀರಿ ಹಿಂದಿನ ಬದಿದ ಹಾಕ್ರಿ ಅಂತ. ಗೊತ್ತಿದ್ದಾಕಿ ಅದನ್ನ ನೋಡಿದ ಕೂಡ್ಲೆ ಆರ್ಡರ್ ಕೊಡ್ತಾಳ.

ಮಾಳಮಡ್ಡಿ ಮೈದುನ
ತಾರಕ್ಕಾರ, ಇದನ್ನ ವೈನಿಗೆ ಓದಿ ಹೇಳಿದೆ. ಸೂಜಿ ಕೆಳಗಿಟ್ಟು ಕೇಳಿದ್ರು, ಇದ ಮೊದಲನೇ ಸಲ. ಮೆಂತಿ ಹೊಲಿಗಿ ಮಾತ್ರ ಹಿಂದಿನ ಬದಿ ಬ್ಯಾರೆ ಕಾಣ್ತೈತಿ, ಅದನ್ನ ಬರೀರಿ ಇಲ್ಲಂದ್ರ ಮಂದಿ ತಪ್ಪ ತಿಳಿತಾರ ಅಂದ್ರು.

ಗೋಕುಲ್ ರೋಡ್ ಗಣಪ
ರೇಟ್ ಮಾತ್ರ ಹಾಕಬ್ಯಾಡ್ರಿ, ಬಾಜುದವರು ನೋಡಿ ನೂರ ರೂಪಾಯಿ ಕಡಿಮಿ ಹಾಕ್ತಾರ.

ತೋಳನಕೆರೆ ತಾರಾ
ರೇಟ್ ಇಲ್ಲದ ಪೇಜ್ ನಾ ಅಂತೂ ಬಂದ್ ಮಾಡಿ ಮುಂದ ಹೋಗಾಕಿ. ಇನ್‌ಬಾಕ್ಸ್‌ಗೆ ಬರ್ರಿ ಅಂದ್ರ ನಮ್ಮ ಪ್ರೊಫೈಲ್ ಫೋಟೋ ನೋಡಿ ರೇಟ್ ಹೇಳ್ತಾರ ಅಂತ ಅನಸ್ತೈತಿ.

ಹಾವೇರಿ ಏಲಕ್ಕಿ
ಇಬ್ಬರದೂ ಬ್ಯಾಡ. "ಜಂಪರ್ ತೋಳು ಇಷ್ಟರಿಂದ, ಸೆರಗು ಇಷ್ಟರಿಂದ, ಇಷ್ಟು ದಿನ" ಅಂತ ಹಾಕ್ರಿ. ನಮ್ಮಲ್ಲೂ ಎಷ್ಟ ಎಳಿ ಹಾರ ಅನ್ನೋದರ ಮ್ಯಾಲ ರೇಟ್ ಬದಲಾಗ್ತೈತಿ, ಕಡಿಮಿದ್ದ ರೇಟ್ ಹಾಕೇವಿ, ಸುಮ್ಮಸುಮ್ನ ಕೇಳೋರು ಅರ್ಧಕ್ಕರ್ಧ ಕಡಿಮಿ ಆಗ್ಯಾರ.

ದುರ್ಗದಬೈಲ್ ರಾತ್ರಿ
ಈಗಷ್ಟ ಪೇಜ್ ಇದ್ರೂ ಓದಂಗಿಲ್ಲ ಅಂದಿದ್ರಿ ಅಕ್ಕಾ

ಹಾವೇರಿ ಏಲಕ್ಕಿ
ಕ್ಯಾಟಲಾಗ್ ಓದ್ತಾರ. ಪೇಜ್ ಓದಂಗಿಲ್ಲ. ಸುಮ್ನ ಕುಂದ್ರು.

ಸಾಧನಕೇರಿ ಸೋಮಾರಿ
ಕನ್ನಡ ಬರಿಯೂ ಮುಂದ ಒಂದ ಎಚ್ಚರ. ನುಡಿದಾಗ ಹಳೇ ಆಸ್ಕಿ ಫಾಂಟಿನ್ಯಾಗ ಟೈಪ್ ಮಾಡಿದ್ದನ್ನ ತಂದು ಅಂಟಿಸಿದ್ರ ಪೇಜಿನ್ಯಾಗ ಯಾವುದೋ ದೇಶದ ಮಂತ್ರ ಬಂದಂಗ ಬರ್ತದ. ಪ್ರಿಂಟಿಂಗ್ ಪ್ರೆಸ್‌ನವ್ರು ಪಾಂಪ್ಲೆಟ್ ಫೈಲ್ ಕೊಟ್ಟಿರ್ತಾರಲಾ, ಅದು ಹಂಗ ಇರ್ತದ. ಎಲ್ಲಾ ಫೋನಿನ್ಯಾಗ ಓದಾಕ ಬರೋ ಯೂನಿಕೋಡ್‌ಗೆ ಬದಲ್ ಮಾಡಿ ಹಾಕ್ರಿ, ಇಲ್ಲಾ ಫೋನಿನ್ಯಾಗ ಹೊಸದಾಗಿ ಟೈಪ್ ಮಾಡ್ರಿ. ಮತ್ತ ಗೂಗಲ್ ಫಾಂಟ್ಸ್‌ನ್ಯಾಗ ಹುಬ್ಬಳ್ಳಿ ಅಂತನ ಹೆಸರಿನ ಕನ್ನಡ ಫಾಂಟ್ ಅದ, ಚಂದ ಅದ, ಧಾರವಾಡ ಅಂತ ಯಾಕ ಇಡ್ಲಿಲ್ಲೋ ಆ ದೇವರಿಗೇ ಗೊತ್ತು.

ಉಣಕಲ್ ಕಟ್ಟಿ
ಪೇಡೆ ನಿಮಗ ಬಿಟ್ಟೇವಲ್ರಿ, ಫಾಂಟರ ನಮಗಿರ್ಲಿ.

ನವನಗರ ನೈಟ್‌ಶಿಫ್ಟ್
ಫೋಟೋ ಬಗ್ಗೆ ಒಂದ. ಫೋನಿನ್ಯಾಗ ತಗದ ಫೋಟೋ ಒಂದೊಂದು ನಾಕೈದು ಎಂಬಿ ಇರ್ತಾವ, ಹಂಗ ಒಂಬತ್ತು ಹಾಕಿದ್ರ ಪೇಜ್ ನಲವತ್ತು ಎಂಬಿ, ನವಲಗುಂದದ ಕಡೆ ಬಸ್ಸಿನ್ಯಾಗ ಕುಂತ ನೋಡಾಕಿ ಫೋಟೋ ಬರೂದ್ರಾಗ ಊರ ಮುಟ್ಟಿರ್ತಾಳ. ಅಗಲ 1,200 ಪಿಕ್ಸೆಲ್ ಮಾಡಿ, ವೆಬ್‌ಪಿ (ಹಗುರ ಫೋಟೋ ಫೈಲ್) ಮಾಡಿ, ಎರಡನೂರು ಕೆಬಿ ಒಳಗ ತರ್ರಿ. ವಾಟ್ಸಾಪ್‌ನ್ಯಾಗ ಕಳಿಸಿ ಸಣ್ಣದ ಮಾಡಬ್ಯಾಡ್ರಿ, ಎಳಿ ಎಳಿ ಕಾಣಬೇಕಾದ ಕೆಲಸ ಇದು, ಮಸಕ ಆಗ್ತೈತಿ. ಆಮ್ಯಾಲ ಗೂಗಲ್‌ನ ಪೇಜ್‌ಸ್ಪೀಡ್ ಇನ್‌ಸೈಟ್ಸ್‌ನ್ಯಾಗ ವಿಳಾಸ ಹಾಕಿ ನೋಡ್ರಿ, ದೊಡ್ಡ ಫೋಟೋ ಎರಡೂವರಿ ಸೆಕೆಂಡಿನ್ಯಾಗ ಬಂದ್ರ ಪಾಸ್.

ಮಾಳಮಡ್ಡಿ ಮೈದುನ
ಒಂಬತ್ತ ದಿನ ಆತು, ಮತ್ತ ಬಂದೇನ್ರಿ. ಕಾರ್ಡ್‌ನ್ಯಾಗ ಮಾಡಿದೆ. ಡಾಟ್ ಇನ್ ವೈನಿ ಹೆಸರಿನ್ಯಾಗ, ವೈನಿ ಇಮೇಲ್‌ನ್ಯಾಗ ತಗೊಂಡೇವಿ, ಪಾಸ್‌ವರ್ಡ್ ದೇವರ ಮನಿ ಡಬ್ಬಿಯಾಗ ಬರದ ಇಟ್ಟಾರ. ಉಣಕಲ್ ಅಣ್ಣಾರು ಹೇಳಿದ್ದ ಖರೆ ಆತು, ನನ್ನ ಕಾರ್ಡಿನ್ಯಾಗ ಹೊರದೇಶದ ಬಟನ್ ಬಂದ್ ಇತ್ತು, ಆನ್ ಮಾಡಿದ ಮ್ಯಾಲ ಒಂದ ಸಲಕ್ಕ ಹೋತು.

ಮೊದಲ್ನೇ ದಿನ ಒಂದ ಗಡಬಡ ನಾನ ಮಾಡ್ಕೊಂಡೆ. ಹೆಡ್ಡಿಂಗ್ ದೊಡ್ಡದಾಗಿ ಕಾಣ್ಲಿ ಅಂತ ಸಾಲು ಸಾಲಿನ ನಡುವಿನ ಜಾಗ ಭಾಳ ಕಡಿಮಿ ಇಟ್ಟಿದ್ದೆ, ಇಂಗ್ಲಿಷ್ ಚಂದ ಕಾಣಸ್ತಿತ್ತು. ಕನ್ನಡಕ್ಕ ಬಂದ್ರ "ಕೈಯಲ್ಲೇ ಹೊಲಿದದ್ದು" ಅನ್ನೋದರಾಗಿನ ಒತ್ತಕ್ಷರ ಕೆಳಗಿನ ಸಾಲಿನ ತಲಿ ಮ್ಯಾಲ ಕುಂತಿದ್ವು. ವೈನಿ ನೋಡಿ ಇದೇನೋ, ಅಕ್ಷರಕ್ಕ ಅಕ್ಷರ ಹೊಲದಂಗ ಆಗೇತಿ ಅಂದ್ರು. ಜಾಗ 1.6ಕ್ಕ ಏರಿಸಿದೆ, ಸರಿ ಹೋತು.

ಪೇಜ್ ಇಷ್ಟ ಐತಿ. ಮ್ಯಾಲೆ ಸೆರಗಿನ ಹಿಂದಿನ ಬದಿ ಫೋಟೋ, ಅದರ ಬಾಜೂ ಮುಂದಿನ ಬದಿ. ಕೆಳಗ ಇಷ್ಟರಿಂದ ಶುರು ಅಂತ ರೇಟ್, ಎಷ್ಟ ದಿನ, ಎಲ್ಲೆಲ್ಲಿ ಕಳಸ್ತೀವಿ. ಒಂದ ಹಸರ ಬಟನ್, ವಾಟ್ಸಾಪ್. ಲಿಂಕ್ ನೋಡಿ ತಪ್ಪಿದ್ರ ಹೇಳ್ರಿ.

ನವನಗರ ನೈಟ್‌ಶಿಫ್ಟ್
ಫೋನಿನ್ಯಾಗ ಲಗೂನ ಬಂತು. ಆದ್ರ ಹಸರ ಬಟನ್ ಒತ್ತಿದ್ರ ಈ ನಂಬರ್ ವಾಟ್ಸಾಪ್‌ನ್ಯಾಗ ಇಲ್ಲ ಅಂತೈತಿ. ನಂಬರ್ ಹೆಂಗ ಹಾಕೀರಿ?

ಮಾಳಮಡ್ಡಿ ಮೈದುನ
ಮುಂದ 0 ಹಾಕಿ ಹತ್ತ ಅಂಕಿ.

ನವನಗರ ನೈಟ್‌ಶಿಫ್ಟ್
0 ತಗೀರಿ, 91 ಹಾಕ್ರಿ, ಪ್ಲಸ್ ಚಿಹ್ನಿನೂ ಬ್ಯಾಡ. ಮತ್ತ ಲಿಂಕಿನ ಕಡೀಕ ಮೊದಲ ಬರದ ಮಾತು ಸೇರಿಸಬಹುದು, "ನನಗ ಬೇಕಾಗಿದ್ದು: ಸೆರಗು, ಜಂಪರ್, ದುಪಟ್ಟಾ. ಬೇಕಾದ ದಿನಾಂಕ:" ಅಂತ. ಗಿರಾಕಿ ಒತ್ತಿದ ಕೂಡ್ಲೆ ಅದು ತಾನ ಬಂದಿರ್ತೈತಿ, ತುಂಬಿ ಕಳಿಸ್ತಾರ.

ಮಾಳಮಡ್ಡಿ ಮೈದುನ
ಆತ್ರೀ, ಸರಿ ಮಾಡಿದೆ. ಮೂರ ದಿನ ಬಟನ್ ಕೆಲಸಾನ ಮಾಡಿಲ್ಲ ಅಂತ ವೈನಿಗೆ ಹೇಳಬ್ಯಾಡ್ರಿ, ಆರಾಮ ಐತಿ ಈಗ ಯಾರೂ ಫೋನ್ ಮಾಡವಲ್ರು ಅಂತ ಖುಷಿ ಆಗಿದ್ರು.

ಹಾವೇರಿ ಏಲಕ್ಕಿ
😂😂😂

ಬೆಟಗೇರಿ ಮಗ್ಗ
ಮೈದುನ ಅವರ, ಡೊಮೇನ್ ರಿನ್ಯೂವಲ್ ತಾರೀಖು ಕ್ಯಾಲೆಂಡರಿನ್ಯಾಗ ಬರದೀರಿಲ್ಲೋ? ಗ್ವಾಡಿ ಕ್ಯಾಲೆಂಡರಿನ್ಯಾಗ, ಫೋನಿನ್ಯಾಗಲ್ಲ.

ಮಾಳಮಡ್ಡಿ ಮೈದುನ
ಬರದೇವ್ರಿ, ಗ್ಯಾಸ್ ಬುಕ್ ಮಾಡಿದ ತಾರೀಖಿನ ಬಾಜೂಕ.

ತೋಳನಕೆರೆ ತಾರಾ
ಹಿಂದಿನ ಬದಿ ಫೋಟೋ ನೋಡಿದೆ, ಅಜ್ಜಿಗೂ ತೋರಿಸಿದೆ, ದೊಡ್ಡದ ಮಾಡಿ ದೊಡ್ಡದ ಮಾಡಿ ನೋಡಿದ್ರು. ಹಸರ ಬಟನ್ ಒತ್ತೇನಿ. ಒಂದ ತಾಸಾತು, ಉತ್ತರ ಇಲ್ಲಲ್ರಿ?

ಮಾಳಮಡ್ಡಿ ಮೈದುನ
ಅಕ್ಕಾರ, ಪೇಜಿನ ಕೆಳಗ ಬರದೈತಿ ನೋಡ್ರಿ, ಮಧ್ಯಾಹ್ನ 3ರಿಂದ 5 ಫೋನ್ ಎತ್ತಂಗಿಲ್ಲ ಅಂತ. ವೈನಿ ಎಳಿ ಎಣಸಾಕತ್ತಾರ.